ಶನಿವಾರ ಬಿಟ್ಟ ಮಾತ್ರೆ

ನೆನೆಹಾಕಿದ ಅವರೆಕಾಳು ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದೆ, ಮೈದುನನ ಫೋನು ಬಂತು. "ಅತ್ತಿಗೆ, ಗಾಬರಿ ಆಗ್ಬೇಡಿ. ಅಣ್ಣ ಗುಡ್ಡ ಹತ್ತುವಾಗ ಎದೆ ಹಿಡ್ಕೊಂಡು ಬಿದ್ಬಿಟ್ರು. ಆಂಬುಲೆನ್ಸ್ ಬಂತು. ನೀವು ಸೀದಾ ಹಾಸ್ಪಿಟಲ್‌ಗೇ ಬನ್ನಿ."

ಬಿದ್ದದ್ದು ಹುಲ್ಲಿನ ಮೇಲೆ. ಪಕ್ಕದಲ್ಲೇ ಬಂಡೆಯಿತ್ತಂತೆ. ಅಷ್ಟರಮಟ್ಟಿಗೆ ದೇವರು ಕಾಪಾಡಿದ.

ಹಿಂದೊಮ್ಮೆ ಎದೆನೋವು ಬಂದಾಗಿನಿಂದ ನನ್ನ ಗಂಡನಿಗೆ ಎದೆಬಡಿತ ನಿಧಾನ ಮಾಡುವ ಮಾತ್ರೆ ಕೊಟ್ಟಿದ್ದರು, ದಿನಾ ಬೆಳಿಗ್ಗೆ ತಿಂಡಿಯ ಜೊತೆ. ಶನಿವಾರ ಮಾತ್ರ ತಮ್ಮನೊಂದಿಗೆ, ನಾವಿರುವ ಈ ಪರದೇಶದ ಊರು ಪ್ಲೆಸೆಂಟನ್ನಿನ ಗುಡ್ಡ ಹತ್ತುತ್ತಿದ್ದರು. ವ್ಯಾಯಾಮದಲ್ಲಿ ಎದೆಬಡಿತ ಎಷ್ಟಕ್ಕೆ ಏರಬೇಕೆಂದು ಕೈಯ ವಾಚು ವಯಸ್ಸು ನೋಡಿ ಟಾರ್ಗೆಟ್ ಹೇಳುತ್ತದೆ. ಇವರದು ಅಲ್ಲಿಗೆ ಏರುತ್ತಲೇ ಇರಲಿಲ್ಲ. "ಏನಣ್ಣ, ಅಮ್ಮ ದೇವಸ್ಥಾನ ಸುತ್ತಿದ್ರೂ ಇದಕ್ಕಿಂತ ಜಾಸ್ತಿ ಬರುತ್ತೆ!" ಎಂದು ಮೈದುನ ನನ್ನೆದುರೇ ನಗುತ್ತಿದ್ದ.

ಒಂದು ಶನಿವಾರ ಏಕಾದಶಿ ಬಂತು. ಉಪವಾಸ, ತಿಂಡಿಯಿಲ್ಲ, ತಿಂಡಿಯ ಜೊತೆಗಿನ ಮಾತ್ರೆಯೂ ಇಲ್ಲ. ಅವತ್ತು ಟಾರ್ಗೆಟ್ ಮುಟ್ಟಿತು. "ಏಕಾದಶಿ ಮಹಿಮೆ ನೋಡೇ," ಎಂದು ವಾಚು ತೋರಿಸಿದರು. ನಾನು ಇನ್ನೊಂದು ತುಪ್ಪದ ದೀಪ ಹಚ್ಚಿದೆ. ಮಹಿಮೆ ಯಾವುದರದೆಂದು ಅವರಿಗೆ ಬೇಗ ತಿಳಿಯಿತು. ಆಮೇಲೆ ಪ್ರತಿ ಶನಿವಾರ ಮಾತ್ರೆ ನನ್ನ ಕಣ್ಣು ತಪ್ಪಿಸಿ ಸಿಂಕಿಗೆ ಹೋಯಿತು. ಮೈದುನನಿಗೆ ಗೊತ್ತಿತ್ತು; ಶನಿವಾರ ಮಾತ್ರೆ ಇಲ್ಲವೆಂದು ಡಾಕ್ಟರಿಗೆ ಹೇಳಿದ್ದೂ ಅವನೇ.

ಈ ಮಾತ್ರೆ ನುಂಗುವವರಿಗೆ ವಾಚಿನ ಆ ಲೆಕ್ಕ ಹೊಂದುವುದಿಲ್ಲ, ನಡೆಯುತ್ತ ಮಾತಾಡಲು ಉಸಿರು ಸಾಲುವಷ್ಟು ವೇಗ ಸಾಕು, ಮಾತ್ರೆ ಮಧ್ಯೆ ಮಧ್ಯೆ ಬಿಟ್ಟರೆ ಹೃದಯಕ್ಕೇ ಹೊಡೆತ ಎಂದರು ಆಸ್ಪತ್ರೆಯ ಡಾಕ್ಟರು. ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದಾಗ ಇವರು ಮಲಗಿದಲ್ಲಿಂದಲೇ ನನ್ನತ್ತ ಬೆರಳು ತೋರಿಸಿ, ಇವಳ ಉಪವಾಸ, ಎಂದು ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರು ನನ್ನನ್ನು ನೋಡಿದರು. ಮೈದುನ ಫೋನು ನೋಡಿದ.

ಹೃದಯದ ಒಂದು ಭಾಗ ಸತ್ತಿದೆಯಂತೆ. ಇನ್ನು ಗುಡ್ಡವಿಲ್ಲ. ಡಾಕ್ಟರು ಹೊರಗೆ ಹೋದ ಮೇಲೆ ಮೈದುನ ಮಂಚಕ್ಕೆ ಬಾಗಿ, "ಆದ್ರೂ ಅಣ್ಣ, ಇವತ್ತು ವಾಚಲ್ಲಿ ನಿಮ್ಮ ನಂಬರು ನಂದಕ್ಕಿಂತ ಮೇಲೆ ಹೋಗಿತ್ತು," ಎಂದ. ಇವರ ಮುಖ ಅರಳಿತು. "ಮತ್ತೆ? ಏನಂದ್ಕೊಂಡಿದ್ದೆ?" ಎಂದವರು ನನ್ನತ್ತ ತಿರುಗಿ, "ಸುಮ್ನೆ ನಿಂತಿದೀಯಲ್ಲ, ಮನೆಗಾದ್ರೂ ಹೋಗು," ಎಂದರು.

ರೇಗುವಷ್ಟು ಉಸಿರು ಉಳಿದಿದೆ. ಅದೂ ದೇವರ ದಯೆಯೇ.

ಆಂಬುಲೆನ್ಸಿನವರು ಎದೆಯ ಮೇಲೆ ಉದ್ದಕ್ಕೂ ಕತ್ತರಿಸಿದ್ದ ಟೀಶರ್ಟನ್ನು ಆಸ್ಪತ್ರೆಯಲ್ಲಿ ಚೀಲಕ್ಕೆ ಹಾಕಿ ಕೊಟ್ಟಿದ್ದರು. ಹೊಲಿದರೆ ಸರಿಹೋಗುವಂಥದ್ದಲ್ಲ. ಮನೆಗೆ ಬಂದು ಒಗೆದು, ತುಂಡು ಮಾಡಿ, ಒಲೆ ಒರೆಸತೊಡಗಿದೆ.