ಉಸಿರು ಬಿಗಿಹಿಡಿದು ತುಂಬಿದ ಬಾಟಲಿ

ಅಪ್ಪನ ಅಂಗಿಯ ಡೀಸೆಲ್ ವಾಸನೆ ಆಕೆಗೆ ಇಂದಿಗೂ ನೆನಪಿದೆ. ಲಾರಿ ರಿಪೇರಿ ಮುಗಿಸಿ ಬಂದವರು ಎಷ್ಟು ಸೋಪು ತಿಕ್ಕಿದರೂ ಬೆರಳ ಸಂದಿಯಲ್ಲಿ ಅದು ಉಳಿದೇ ಇರುತ್ತಿತ್ತಂತೆ. “ನಮ್ಮನ್ನ ಸಾಕಿದ ವಾಸನೆ ಅದು. ಬೈಯೋಕೆ ಬಾಯಿ ಬರಲ್ಲ. ಗಾಳೀಲಿ ಎಷ್ಟಿದೆ ಅಂತ ಹಿಡಿದು ಕೊಡ್ತೀನಿ, ಅಷ್ಟೆ,” ಎನ್ನುತ್ತಾ ಆಕೆ ಕಬ್ಬಿಣದ ಏಣಿಗೆ ಕಾಲಿಡುತ್ತಾರೆ.

ಬೆಳಗಿನ ಐದೂಮುಕ್ಕಾಲು. ಗುಡ್ಡದ ತುದಿಯಲ್ಲಿ ಎರಡು ಕೋಣೆಯ ಕಟ್ಟಡ, ಅದರ ಹಿಂಬದಿಗೆ ತಾಗಿದಂತೆ ಹತ್ತು ಮೀಟರಿನ ಅಟ್ಟಣೆ. ಬೆನ್ನ ಚೀಲದಲ್ಲಿರುವ ಗಾಜಿನ ಬಾಟಲಿಯ ಒಳಗಿನ ಗಾಳಿಯನ್ನೆಲ್ಲ ಮೊದಲೇ ಹೀರಿ ತೆಗೆದಿದ್ದಾರೆ. ಮೇಲೆ ನಿಂತು ಆಕೆ ಉಸಿರು ಬಿಗಿಹಿಡಿಯುತ್ತಾರೆ, ತೋಳನ್ನು ನೀಳವಾಗಿ ಚಾಚಿ ತಿರುಪು ಬಿಚ್ಚುತ್ತಾರೆ. ಬುಸ್ಸೆಂದು ಗಾಳಿ ಒಳನುಗ್ಗುತ್ತದೆ. ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ ತಿರುಪು ಬಿಗಿದ ಮೇಲೆಯೇ ಮುಂದಿನ ಉಸಿರು.

ವಾರಕ್ಕೆ ಎರಡು ಬಾಟಲಿ, ಹತ್ತೊಂಬತ್ತು ವರ್ಷ. ಒಮ್ಮೆ ಏಣಿ ಜಾರಿ ಮಣಿಕಟ್ಟು ಮುರಿಯಿತು. ಬಾಟಲಿ ಮಾತ್ರ ಒಡೆಯಲಿಲ್ಲ. ಐವತ್ತಮೂರರ ಈ ಹೆಂಗಸನ್ನು ಗುಡ್ಡದ ಕೆಳಗಿನ ಜನ ‘ಗಾಳಿಯಮ್ಮ’ ಎಂದೇ ಕರೆಯುತ್ತಾರೆ. ಪತಿ ಸಿಟಿ ಬಸ್ಸಿನ ಚಾಲಕರು. “ನಾನು ಹೊಗೆ ಬಿಟ್ಕೊಂಡು ಹೋಗ್ತೀನಿ, ಇವಳು ಹಿಂದಿನಿಂದ ಬಾಟ್ಲಿ ಹಿಡ್ಕೊಂಡು ಬರ್ತಾಳೆ. ಒಳ್ಳೇ ಸಂಸಾರ,” ಎಂದು ಅವರು ನಗಾಡುತ್ತಾರೆ.

ಖಂಡದ ಉದ್ದಗಲಕ್ಕೂ ಗಾಳಿ ಹಿಡಿಯುವ ಇಂಥ ಮೂವತ್ತೆಂಟು ಜಾಗಗಳಿವೆ. ಎಲ್ಲ ಬಾಟಲಿಗಳೂ ಒಂದೇ ಪ್ರಯೋಗಾಲಯ ಸೇರುತ್ತವೆ. ಗಿಡಮರಗಳಲ್ಲಿ, ನಮ್ಮ ಉಸಿರಿನಲ್ಲಿ ಇರುವ ಇಂಗಾಲದೊಳಗೆ ವಿಕಿರಣ ಸೂಸುವ ಒಂದು ಕಿಂಚಿತ್ ಅಂಶ ಇದ್ದೇ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಕಲ್ಲಿದ್ದಲು, ಪೆಟ್ರೋಲು, ಗ್ಯಾಸಿನಲ್ಲಿ ಅದು ಪೂರ್ತಿ ಸವೆದುಹೋಗಿರುತ್ತದೆ. ಬಾಟಲಿಯಲ್ಲಿ ಆ ಅಂಶ ಎಷ್ಟು ತಗ್ಗಿದೆಯೋ ಅದರ ಮೇಲೆ ನೆಲದಡಿಯ ಇಂಧನದ ಪಾಲು ಎಷ್ಟೆಂದು ಹೇಳಬಹುದು. ಇಷ್ಟೇ ಸುಟ್ಟಿದ್ದೇವೆ ಎಂದು ದೇಶಗಳು ಕಾಗದದಲ್ಲಿ ಬರೆದುಕೊಡುವುದು ನಿಜವೋ ಸುಳ್ಳೋ ನೋಡಲು ಈ ಬಾಟಲಿಗಳೇ ಸಾಕ್ಷಿ.

ಸಾಕ್ಷಿಯ ಮೇಲೇ ಅನುಮಾನ ಬಂದದ್ದು ಈ ಚಳಿಗಾಲದಲ್ಲಿ. ಇಪ್ಪತ್ತೆರಡು ಬಾಟಲಿಗಳಲ್ಲಿ ಒಂಬತ್ತು ಕೆಟ್ಟಿವೆ, ಇಂಗಾಲ ಮಿತಿಮೀರಿದೆ, ನೀವೇ ಅವುಗಳ ಮೇಲೆ ಉಸಿರು ಬಿಟ್ಟಿರಬೇಕು, ಸರಿಹೋಗದಿದ್ದರೆ ಈ ಗುಡ್ಡವನ್ನು ಪಟ್ಟಿಯಿಂದ ಕೈಬಿಡುತ್ತೇವೆ ಎಂದು ಪ್ರಯೋಗಾಲಯದಿಂದ ಪತ್ರ ಬಂತು. ಹತ್ತೊಂಬತ್ತು ವರ್ಷದ ಸಾಲು ಅಲ್ಲಿಗೇ ತುಂಡಾಗುವುದರಲ್ಲಿತ್ತು.

“ಎರಡು ದಿನ ನಿದ್ದೆ ಇಲ್ಲ. ಆಮೇಲೆ ಆ ಪತ್ರಾನೇ ಇನ್ನೊಂದ್ಸಲ ಓದ್ದೆ. ವಿಕಿರಣದ ಅಂಶ ತಗ್ಗಿದೆ ಅಂತ ಅವರೇ ಬರೆದಿದ್ರು. ಉಸಿರಲ್ಲಿ ಅದು ಇದ್ದೇ ಇರುತ್ತಲ್ಲ, ನನ್ನ ಉಸಿರಾಗಿದ್ರೆ ತಗ್ಗೋದು ಹೇಗೆ? ಫೋನ್ ಮಾಡಿ ಹೇಳ್ದೆ, ‘ಸಾರ್, ಇದು ಉಸಿರಲ್ಲ, ಬೆಂಕಿ.’”

ಬೆಂಕಿ ಎಲ್ಲಿಯದು? ರಿಜಿಸ್ಟರ್ ತೆಗೆದು ನೋಡಿದರೆ, ಆ ಒಂಬತ್ತೂ ಬಾಟಲಿಗಳು ಗಾಳಿ ಸತ್ತಂತಿದ್ದ ಬೆಳಗುಗಳವು. ಅಂದರೆ ಹೊಗೆ ದೂರದಿಂದ ಬಂದದ್ದಲ್ಲ, ಕಾಲಬುಡದಿಂದಲೇ ಎದ್ದದ್ದು. ಮುಂದಿನ ಬೆಳಗು ಆಕೆ ಏಣಿಯನ್ನು ಅರ್ಧ ಹತ್ತಿ, ಸದ್ದಿಲ್ಲದೆ ಕೆಳಗಿಳಿದು ಹಿಂದಿನ ಜಗುಲಿಗೆ ಹೋದರು. ಅಲ್ಲಿ ಕಾವಲುಗಾರ ‘ಗೇಟಣ್ಣ’ ಪುಟ್ಟ ಗ್ಯಾಸ್ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಲೆಯ ಮೇಲೆ ಆಕೆಯದೇ ಊಟದ ಡಬ್ಬಿ.

“ಅಣ್ಣಾ, ಇದು ಯಾವಾಗಿಂದ?”

“ಚಳಿ ಶುರುವಾದಾಗಿಂದ. ಮೇಲಿಂದ ಇಳಿದು ಬಂದಾಗ ನಿನ್ನ ಬೆರಳು ಮಡಿಸೋಕೇ ಆಗ್ತಿರ್ಲಿಲ್ಲ, ತಾಯೀ. ತಣ್ಣಗಿರೋದನ್ನ ಹೇಗೆ ತಿಂತೀಯ?”

ಬಿಸಿ ಹಿಡಿದಿಡುವ ಡಬ್ಬಿ ಎಂದು ಪತಿ ಹೊಸದೊಂದನ್ನು ಚಳಿಯ ಶುರುವಿನಲ್ಲೇ ತಂದಿದ್ದರು. “ಊಟ ಬಿಸಿ ಇದೆ ಅಂತ ನಾನು ಡಬ್ಬೀನ ಹೊಗಳ್ತಿದ್ದೆ. ನಮ್ಮನೆಯವರೂ ಮೀಸೆ ತಿರುವಿದ್ದೇ ತಿರುವಿದ್ದು,” ಎಂದು ಆಕೆ ನಗುತ್ತಾರೆ. ಆ ಬೆಳಗು ಮಾತ್ರ ನಗು ಬಂದಿರಲಿಲ್ಲ. ನಿಜ ಬರೆದರೆ ಗೇಟಣ್ಣನ ಕೆಲಸಕ್ಕೆ ಕುತ್ತು, ಮುಚ್ಚಿಟ್ಟರೆ ಆ ಒಂಬತ್ತು ಸುಳ್ಳುಗಳು ಖಂಡದ ಮೊತ್ತಕ್ಕೆ ಸೇರುತ್ತವೆ. ಆಕೆ ರಿಜಿಸ್ಟರಿನಲ್ಲಿ ಬರೆದದ್ದು ಎರಡೇ ಸಾಲು: ‘ಅಟ್ಟಣೆಯ ಕೆಳಗೆ ಗ್ಯಾಸ್ ಒಲೆ ಉರಿಯುತ್ತಿತ್ತು. ಅದನ್ನು ಗಮನಿಸಬೇಕಾದದ್ದು ನನ್ನ ಹೊಣೆ, ತಪ್ಪು ನನ್ನದು.’ ಒಂಬತ್ತು ಬಾಟಲಿಗಳಿಗೂ ತಾವೇ ಅಡ್ಡಗೆರೆ ಎಳೆದರು.

ಪ್ರಯೋಗಾಲಯ ಒಂದು ಅವಕಾಶ ಕೊಟ್ಟಿದೆ. ಗಾಳಿಯಾಡದ ಬೆಳಗುಗಳದ್ದೇ ನಾಲ್ಕು ಬಾಟಲಿ ಶುದ್ಧವಾಗಿ ಬಂದರೆ ಗುಡ್ಡ ಪಟ್ಟಿಯಲ್ಲಿ ಉಳಿಯುತ್ತದೆ. ಮೂರು ಗೆದ್ದಿವೆ. ಇವತ್ತಿನದು ನಾಲ್ಕನೆಯದು. ಒಂದು ಎಲೆಯೂ ಅಲುಗುತ್ತಿಲ್ಲ. ಇದನ್ನು ಬರೆಯಲೆಂದು ನಾನು ಬಂದ ಕಾರನ್ನು ಗೇಟಣ್ಣ ಗುಡ್ಡದ ಬುಡದಲ್ಲೇ ತಡೆದರು. ಅಲ್ಲಿಂದ ಅರ್ಧ ಗಂಟೆಯ ಏರು. ಕಲ್ಲು ಬಂದಾಗಲೆಲ್ಲ ಅವರ ಕೈ ನನ್ನ ಮೊಣಕೈಯ ಕೆಳಗೆ ಬರುತ್ತಿತ್ತು, ಕಲ್ಲು ದಾಟಿದೊಡನೆ ಹಿಂದೆ ಸರಿಯುತ್ತಿತ್ತು.

ಕೆಳಗಿಳಿದ ಆಕೆ ಬಾಟಲಿಗೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಇದು ಗೆಲ್ಲುತ್ತದೆಯೇ ಎಂದು ಕೇಳುತ್ತೇನೆ.

“ಗೆಲ್ಲಲೇಬೇಕು. ಇವತ್ತು ಈ ಗುಡ್ಡದ ಮೇಲೆ ಒಂದು ಬೆಂಕಿಕಡ್ಡೀನೂ ಗೀರಿಲ್ಲ. ಗೆದ್ದ ಮೇಲೂ ಇಲ್ಲಿಗೇ ಬರ್ತೀನಿ. ಮಂಡಿ ಬೇಡ ಅನ್ನೋವರೆಗೆ ಹತ್ತೋದು, ಅಷ್ಟೇ ನನ್ನ ಆಸೆ.”

ಸೆಟೆದ ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಕೆ ಮೆಟ್ಟಿಲ ಮೇಲೆ ಕೂರುತ್ತಾರೆ. ಗೇಟಣ್ಣ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ದಪ್ಪ ಕೋಟಿನ ಗುಂಡಿ ಬಿಚ್ಚಿ, ಇಷ್ಟು ಹೊತ್ತೂ ಹೊಟ್ಟೆಗೆ ಅವಚಿಕೊಂಡಿದ್ದ ಡಬ್ಬಿಯನ್ನು ತೆಗೆದು ಆಕೆಯ ಕೈಗಿಡುತ್ತಾರೆ.