ಧಾರೆಯ ಹೊತ್ತಿಗೆ ಅಪ್ಪ ಹೇಳಿದ್ದು

ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ರಂಜಿತಾಳ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಮಾತು ಉಳಿಯಿತು, ಹಟವೂ ಉಳಿಯಿತು. ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಮೊಳಕಾಲ್ಮೂರಿನ ಹೇಮಂತನನ್ನು ಮದುವೆಯಾಗಿ ಬಂದ ಮೇಲೆ ಅತ್ತೆ ಪೆದ್ದಮ್ಮನ ಜೊತೆ ಒಂದೇ ಮಗ್ಗಕ್ಕೆ ಕೂತಳು. ಅತ್ತೆ ಸೀರೆಯ ಒಡಲು ನೇಯುವಾಗ ಸೊಸೆ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಕೊಡಬೇಕು. ಬೇರೆ ಮನೆಗಳಲ್ಲಿ ಇದಕ್ಕೆ ಬಾಯಿಮಾತು ಸಾಕು. ಇಲ್ಲಿ ಪೆದ್ದಮ್ಮ ಹಲಗೆ ತಟ್ಟುತ್ತಿದ್ದಳು, ರಂಜಿತಾ ಆ ಅದುರನ್ನು ಅಂಗೈಯಲ್ಲಿ ಹಿಡಿದು ಲಾಳಿ ದಾಟಿಸುತ್ತಿದ್ದಳು. ಇಬ್ಬರ ಕೈಯಲ್ಲಿ ಅಂಚು ಒಂದು ಎಳೆಯೂ ತಪ್ಪುತ್ತಿರಲಿಲ್ಲ.

ತಪ್ಪುತ್ತಿದ್ದದ್ದು ಪೆದ್ದಮ್ಮನ ನಾಲಿಗೆ. ಮನೆಗೆ ಯಾರೇ ಬರಲಿ, ಕಾಫಿ ಲೋಟದ ಜೊತೆಗೇ ಆ ಮಾತನ್ನೂ ಕೊಡುತ್ತಿದ್ದಳು: ಕಿವುಡಿ ಅಂತ ಹೇಳದೆ ನಮ್ಮ ಕೊರಳಿಗೆ ಕಟ್ಟಿದರು. ಹೇಮಂತ ನೆಲ ನೋಡುತ್ತ ಕೂರುತ್ತಿದ್ದ. ರಂಜಿತಾಳ ಅಪ್ಪ ನಾಗರಾಜಪ್ಪ, ಧಾರೆಯ ಹೊತ್ತಿಗೆ ಎಲ್ಲರ ಮುಂದೆ ಹೇಳಿದ್ದೀನಮ್ಮ ಎಂದು ಮಗಳಿಗೆ ಆಣೆ ಇಟ್ಟು ಹೇಳಿದ್ದ. ಅವಳು ಆಗ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದಳು, ಯಾರ ತುಟಿಯನ್ನೂ ನೋಡಿರಲಿಲ್ಲ. ತವರಿನವರು ಹೌದೆನ್ನುತ್ತಿದ್ದರು. ಆದರೆ ಹೆಣ್ಣಿನ ಕಡೆಯವರ ಮಾತು ಗಂಡಿನ ಮನೆಯಲ್ಲಿ ಯಾವಾಗ ನಡೆದಿದೆ?

ಅಪ್ಪ ತೀರಿಕೊಂಡ. ಹನ್ನೊಂದನೇ ದಿನದ ಊಟದ ಪಂಕ್ತಿಯಲ್ಲೂ ಪೆದ್ದಮ್ಮನ ತುಟಿಯ ಮೇಲೆ ಅದೇ ಮಾತು ಕಂಡಿತು. ರಂಜಿತಾ ಎಲೆ ಬಿಟ್ಟು ಎದ್ದಳು. ಸತ್ತವನನ್ನೂ ಸುಳ್ಳುಗಾರ ಮಾಡಿದರಲ್ಲ! ಅಪ್ಪ ನಿಜವಾಗಿ ಹೇಳಿದ್ದನೋ ಇಲ್ಲವೋ, ಅದನ್ನು ತಿಳಿಯದೆ ಬಿಡುವುದಿಲ್ಲವೆಂದುಕೊಂಡು ಪೆಟ್ಟಿಗೆಯಲ್ಲಿದ್ದ ಮದುವೆಯ ಕ್ಯಾಸೆಟ್ ತೆಗೆದುಕೊಂಡು ಚಳ್ಳಕೆರೆಯ ಬಸ್ ಹತ್ತಿದಳು.

ಆ ಮದುವೆಯ ವಿಡಿಯೋ ತೆಗೆದವನು ಚಳ್ಳಕೆರೆಯ ಓಬಳೇಶ. ಈಗ ಕಂಪ್ಯೂಟರ್ ಇಟ್ಟುಕೊಂಡು ಹಳೇ ಕ್ಯಾಸೆಟ್‌ಗಳನ್ನು ಸಿ.ಡಿ.ಗೆ ಇಳಿಸಿಕೊಡುತ್ತಿದ್ದ. ಮಾತುಗಳನ್ನೆಲ್ಲ ಕೆಳಗೆ ಕನ್ನಡ ಅಕ್ಷರದಲ್ಲಿ ಹಾಕಿಕೊಡಿ ಎಂದು ರಂಜಿತಾ ಕೇಳಿದಳು. ಅವನು ಒಪ್ಪಿಕೊಂಡನೇನೋ ಸರಿ, ಆದರೆ ಮದುವೆ ವಿಡಿಯೋದಲ್ಲಿ ಮಾತೆಲ್ಲಿರುತ್ತದೆ? ತಾಳಿ ಕಟ್ಟುವುದರಿಂದ ಊಟದ ಎಲೆ ಎತ್ತುವವರೆಗೆ ಎಲ್ಲದರ ಮೇಲೂ ಸಿನಿಮಾ ಹಾಡು ಸುರಿಯುವುದು ಅವನ ಕಸುಬಿನ ರೂಢಿ. ಕೇಳದಿದ್ದ ಮಾತಿಗೆ ಓಬಳೇಶ ತಾನೇ ಮಾತು ಹೊಂದಿಸಿದ. ಮುಂದಿನ ವಾರ ಅವಳು ಬಂದಾಗ, ಧಾರೆಯ ಚಿತ್ರದ ಕೆಳಗೆ ಹಳದಿ ಅಕ್ಷರದಲ್ಲಿ "ಮಗಳೇ, ನೂರ್ಕಾಲ ಸುಖವಾಗಿ ಬಾಳು" ಎಂದಿತ್ತು.

ರಂಜಿತಾ ಇನ್ನೊಮ್ಮೆ ಹಾಕಿಸಿ ನೋಡಿದಳು. ಅಪ್ಪ ಓಲಗದವರನ್ನು ಕೈ ಎತ್ತಿ ನಿಲ್ಲಿಸುತ್ತಾನೆ. ಪಕ್ಕದಿಂದ ತೆಗೆದ ಚಿತ್ರ, ಮೇಲೆ ದಪ್ಪ ಮೀಸೆ, ತುಟಿ ಓದಲು ಬರುವಂತಿಲ್ಲ. ಆದರೆ ಬಾಯಿ ಆಡುತ್ತಲೇ ಇದೆ.

"ನಮ್ಮಪ್ಪ ಅಷ್ಟೊತ್ತು ಮಾತಾಡ್ತಾನೆ. ನೀವು ಬರ್ದಿರೋದು ಒಂದೇ ಸಾಲು," ಅಂದಳು. "ಉಳಿದಿದ್ದು ಎಲ್ಲೈತ್ರಿ?"

ಓಬಳೇಶನ ಮುಖ ಹುಳ್ಳಗಾಯಿತು. ಹಾಡಿನಲ್ಲಿ ಏನೂ ಕೇಳುವುದಿಲ್ಲಕ್ಕ ಎಂದು ಕಾಗದದ ಮೇಲೆ ಬರೆದು ತೋರಿಸಿದ. ಅವಳು ಏಳಲಿಲ್ಲ. ಅಂಗಡಿಗೆ ಬೇರೆ ಗಿರಾಕಿ ಬಂದರು, ಹೋದರು, ಇವಳು ಸ್ಟೂಲಿನ ಮೇಲೆ ಕೂತೇ ಇದ್ದಳು. ಕೊನೆಗೆ ಅವಳನ್ನು ಸಾಗಹಾಕಲಿಕ್ಕಾದರೂ ಎಂದು ಓಬಳೇಶ ಕ್ಯಾಸೆಟ್ ಮತ್ತೆ ಹಾಕಿದ. ಕಂಪ್ಯೂಟರಿನಲ್ಲಿ ಶಬ್ದಕ್ಕೆ ಎಡ, ಬಲ, ಎರಡೂ ಎಂದು ಮೂರು ದಾರಿ ಇದ್ದವು. ಅವನು ಸದಾ ಎರಡನ್ನೂ ಸೇರಿಸಿಯೇ ಇಳಿಸುತ್ತಿದ್ದವನು. ಆಗ ನೆನಪಾಯಿತು: ಆ ಕಾಲದಲ್ಲಿ ಹಾಡನ್ನು ಎಡಗಡೆಗೆ ಮಾತ್ರ ತುಂಬುತ್ತಿದ್ದ, ಕ್ಯಾಮೆರಾದ ಶಬ್ದ ಬಲಗಡೆ ಹಾಗೇ ಉಳಿಯುತ್ತಿತ್ತು. ಎಡವನ್ನು ತೆಗೆದ. ಹಾಡು ಮಾಯವಾಗಿ ಮದುವೆಮನೆಯ ಗಲಾಟೆ ಎದ್ದು ಬಂತು, ಅದರ ನಡುವೆ ನಾಗರಾಜಪ್ಪನ ತೆಲುಗು. ಓಬಳೇಶ ಕೇಳಿದ. ಕೇಳಿ ಅವಳ ಮುಖ ನೋಡಿದ.

"ಬೈದಿದ್ರೆ ಬೈದಿದ್ದೇ ಬರೀರಿ," ಅಂದಳು ರಂಜಿತಾ. "ಚಂದ ಮಾಡ್ಬೇಡ್ರಿ."

ಅವನು ತೆಲುಗನ್ನು ಕನ್ನಡಕ್ಕೆ ತಿರುಗಿಸಿ ಟೈಪು ಮಾಡಿದ. ಯಾವ ಸಾಲು ಎಲ್ಲಿ ಮೂಡಬೇಕು, ಎಲ್ಲಿ ಅಳಿಯಬೇಕು ಎಂಬುದನ್ನು ಅವಳು ಹೇಳಿದಳು. ಅಪ್ಪನ ಬಾಯಿ ತೆರೆದಾಗ ಮೇಜು ತಟ್ಟಿದಳು, ಮುಚ್ಚಿದಾಗ ತಟ್ಟಿದಳು. ಮಗ್ಗದ ಕೈ, ಹೊತ್ತು ತಪ್ಪಲಿಲ್ಲ. ಎಲ್ಲ ಕೂಡಿ ಬಂದ ಮೇಲೆ ಮೊದಲಿನಿಂದ ಓದಿದಳು, ಸೆರಗಿನಿಂದ ಮುಖ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಸಿ.ಡಿ. ಕೇಳಿದಳು.

ಮನೆಯಲ್ಲಿ ಟಿ.ವಿ. ಮುಂದೆ ಅತ್ತೆಯನ್ನೂ ಗಂಡನನ್ನೂ ಕೂರಿಸಿದಳು. ಅವರಿಗೆ ದನಿ, ಅವಳಿಗೆ ಅಕ್ಷರ. ಅಪ್ಪ ಕೈ ಎತ್ತಿದ. "ನನ್ನ ಮಗಳಿಗೆ ಕಿವಿ ಕೇಳೋದಿಲ್ಲ. ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ಬೇಡ ಅನ್ನೋದಾದ್ರೆ ಈಗಲೇ ಅನ್ನಿ, ಮನೆಗೆ ಕರ್ಕೊಂಡು ಹೋಗ್ತೀನಿ." ಅದರ ಬೆನ್ನಿಗೇ ಪೆದ್ದಮ್ಮನ ಮಾತು: "ಕಿವಿ ಇಲ್ಲದಿದ್ರೆ ಏನಾಯ್ತು ಅಣ್ಣಯ್ಯ, ಕೈ ಐತಲ್ಲ. ಧಾರೆ ಎರೀರಿ."

ತನ್ನದೇ ದನಿ ಕೇಳಿ ಪೆದ್ದಮ್ಮ ಎದೆ ಹಿಡಿದುಕೊಂಡಳು. ಮರೆತೇ ಹೋಗಿತ್ತಮ್ಮ ಎಂದು ಅವಳ ತುಟಿ ಅಂದದ್ದು ಸುಳ್ಳಿರಲಿಲ್ಲ. ವರ್ಷಗಟ್ಟಲೆ ಒಂದೇ ಮಾತನ್ನು ಆಡಿ ಆಡಿ ಅದೇ ನಿಜವೆಂದು ನಂಬಿಬಿಟ್ಟಿದ್ದಳು. ರಂಜಿತಾಳ ಕಣ್ಣು ಮಾತ್ರ ಹೇಮಂತನ ಮೇಲಿತ್ತು. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ.

"ಅತ್ತೆ ಮರ್ತಿದ್ರು," ಅಂದಳು. "ನಿಮಗೆ ನೆನಪಿತ್ತಲ್ರಿ?"

ಹೇಮಂತ ತಲೆ ಎತ್ತಿ, ಇತ್ತು ಎಂದ.

"ಹಂಗಾದ್ರೆ ನಾನು ಈ ಸಿ.ಡಿ. ಯಾರಿಗೂ ಹಾಕಿ ತೋರ್ಸಲ್ಲ. ನೀವೇ ಹೇಳ್ರಿ."

ಭಾನುವಾರ ನೆಂಟರು ಬಂದರು. ಕಾಫಿ ಕೊಟ್ಟು ಪೆದ್ದಮ್ಮ ಒಳಗೆ ಹೋದ ಮೇಲೆ ಹೇಮಂತ ಬಾಯಿಬಿಟ್ಟ. ನಮ್ಮ ಮಾವ ಏನನ್ನೂ ಮುಚ್ಚಿಟ್ಟಿರಲಿಲ್ಲ, ಎಲ್ಲ ತಿಳಿದೇ ನಾನು ತಾಳಿ ಕಟ್ಟಿದೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದು ನನ್ನ ತಪ್ಪು ಅಂದ. ನೆಂಟರ ಕಡೆ ನೋಡಿ ಅನ್ನಲಿಲ್ಲ. ಬಾಗಿಲ ಬಳಿ ನಿಂತಿದ್ದ ರಂಜಿತಾಳ ಕಡೆ ಮುಖ ತಿರುಗಿಸಿ, ಅವಳಿಗೆ ಕಾಣುವ ಹಾಗೆ, ನಿಧಾನವಾಗಿ ಅಂದ.