ಹಿಕ್ಕಿ ನುಡಿದ ಸಾಕ್ಷಿ

ಮುಡಬಿಯ ಸುಮನಬಾಯಿ ಯಾರನ್ನೂ ಸುಲಭವಾಗಿ ನಂಬಿದವಳಲ್ಲ. ೧೯೬೨ರಲ್ಲಿ ಗಂಡ ತೀರಿಕೊಂಡ ಮೇಲೆ ಬದುವಿನ ಪಕ್ಕದ ತುಂಡು ಹೊಲವನ್ನು ಬೀಳು ಬಿಟ್ಟು, ಆಡು ಸಾಕಿ ಬದುಕಿದಳು. ಮೊದಲ ವರ್ಷ ಅಲ್ಲಿ ಬರೀ ಕಳೆ ಎದ್ದಿತು. ಮೂರನೆಯ ವರ್ಷ ಹುಲ್ಲು ಆ ಕಳೆಯನ್ನು ನುಂಗಿತು; ಬಳಿಕ ಹುಲ್ಲಿನ ನಡುವೆ ತಂಗಡಿ ಪೊದೆಗಳು ತಲೆಯೆತ್ತಿದವು. ಎಂಟನೆಯ ವರ್ಷ ಜಾಲಿಸಸಿಗಳು ಕಂಡಾಗ ಮಾತ್ರ ಅವಳಿಗೆ ಸಂಶಯ ಹುಟ್ಟಿತು. ಗಿಡ ನೆಟ್ಟು, ಹೊಲವೂ ತನ್ನದೆನ್ನಲು ನೆರೆಹೊಲದ ಮಹಾರುದ್ರಪ್ಪ ಹೂಡಿದ ಆಟವಿದು ಎಂದು ತೀರ್ಮಾನಿಸಿ, ಬದುವಿನ ಮೇಲೆ ಕಾವಲು ಕುಳಿತಳು.

ಅವನು ಬರಲಿಲ್ಲ. ಮಧ್ಯಾಹ್ನ ಅವಳ ಆಡುಗಳೇ ಬಂದು ತಂಗಡಿಯ ಮರೆಯಲ್ಲಿ ಮಲಗಿ ಮೆಲುಕು ಹಾಕಿದವು. ಅವು ಎದ್ದುಹೋದ ಜಾಗದಲ್ಲೇ ಸಸಿಗಳು ದಟ್ಟವಾಗಿದ್ದವು. ಸುಮನಬಾಯಿ ಅಲ್ಲಿ ಆಡುಗಳು ಹಾಕಿದ್ದ ಹಿಕ್ಕಿಗಳನ್ನು ಕಡ್ಡಿಯಿಂದ ಕೆದಕಿದಳು; ಅವುಗಳಲ್ಲಿ ಜಾಲಿಬೀಜಗಳಿದ್ದವು.

ಬದುವಿನಾಚೆಯಿಂದ ನೋಡುತ್ತಿದ್ದ ಮಹಾರುದ್ರಪ್ಪ ನಕ್ಕ. “ನನ್ನ ಜಾಲಿಕಾಯಿ ತಿಂದಾವ್ರಿ ವೈನಿ. ಬೀಜ ನಂದಂದ್ರ ಗಿಡಾನೂ ನಂದ ಅಲ್ಲೇನ್ರಿ?”

“ಬೀಜ ನಿಂದ ಇರ್ಲಿ ಮಹಾರುದ್ರಪ್ಪಾ, ಹಿಕ್ಕಿ ನಂದ ಅದ,” ಎಂದಳು ಸುಮನಬಾಯಿ. ಮರುದಿನವೂ ಅವಳು ಬದುವಿನ ಮೇಲೆ ಕಾವಲು ಕುಳಿತಳು.